ಕಾಕುವಿನ ಸರದಾರ

ಹೋದ ತಿಂಗಳು ಕಾಕು ತೀರಿಕೊಂಡರು. ಚಿಂಚವಾಡದಲ್ಲಿದ್ದ ಅವರ ಮಗಳ ಮನೆಗೆ ಮಾತಾಡಿಸಿ ಬರಲು ಹೋಗಿದ್ದೆ. ಅಲ್ಲಿ ಕೂತಿದ್ದ ಹಿರಿಯರೊಬ್ಬರು, ಪಾಪ, ಭಾಳ ಛಲೋ ಹಪ್ಪಳ ಮಾಡ್ತಿದ್ರು ಎಂದರು. ಉಳಿದವರು ಹೌದ್ಹೌದು ಎಂದು ತಲೆಯಾಡಿಸಿದರು. ನನಗೆ ಸಿಟ್ಟು ಬಂತು. ಹಪ್ಪಳ ಮಾಡುವವರು ಊರ ತುಂಬ ಇದ್ದಾರೆ. ಹಪ್ಪಳ ಲಟ್ಟಿಸುತ್ತ ಲಟ್ಟಿಸುತ್ತ ಒಂದು ವಾಡೆಯ ಹೆಂಗಸರ ಎದೆಯನ್ನೆಲ್ಲ ಡವಡವ ಎನಿಸುತ್ತಿದ್ದವರು ಕಾಕು ಒಬ್ಬರೇ. ಇದನ್ನು ಅಲ್ಲೇ ಹೇಳಿಬಿಡೋಣ ಎಂದುಕೊಂಡೆ. ಆದರೆ ಸಾವಿನ ಮನೆಯಲ್ಲಿ ಕೊಲೆಯ ಮಾತು ಎತ್ತಲಿಕ್ಕೆ ಬರುತ್ತದೆಯೇ? ಸುಮ್ಮನೆ ಎದ್ದು ಬಂದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವೆ ನಾನು ಧಾರವಾಡ ಬಿಟ್ಟು ಪುಣೆಗೆ ಬಂದೆ, ಮದುವೆಯಾಗದ ಹುಡುಗಿ, ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸಕ್ಕೆ. ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಪೇಠೆಯೊಳಗಿನ ಹಳೆಯ ವಾಡೆಯೊಂದರಲ್ಲಿ ಎರಡು ಖೋಲಿ ಹಿಡಿದಿದ್ದರು. ದೊಡ್ಡ ಬಾಗಿಲು, ನಡುವೆ ಕಲ್ಲು ಹಾಸಿದ ಚೌಕ, ಚೌಕದಲ್ಲಿ ಒಂದು ನಳ, ಸುತ್ತ ಹನ್ನೆರಡು ಬಿಡಾರ. ಅವುಗಳಲ್ಲಿ ಏಳೆಂಟು ನಮ್ಮವರದೇ, ಧಾರವಾಡ-ಬೆಳಗಾವಿ ಕಡೆಯವರದು. ನಳದ ಪಕ್ಕದ ಬಿಡಾರ ಕಾಕುವಿನದು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಗಳ ಮದುವೆಯೂ ಆಗಿತ್ತು. ಅವರಿಗೆ ಹೆಸರು ಇದ್ದೇ ಇತ್ತು, ಆದರೆ ಅದನ್ನು ಯಾರೂ ಬಳಸಿದ್ದು ನಾನು ಕೇಳಿಲ್ಲ. ವಾಡೆಯ ಮಾಲಕರು ಕೂಡ ಕಾಕೂ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ನಳದ ಹತ್ತಿರ ಅವರ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಮಾಳಿಗೆಯ ಮೇಲಿನ ಗಚ್ಚಿ ಏರಿರುತ್ತಿತ್ತು.

ಹೋಳಿ ಹುಣ್ಣಿವೆ ದಾಟಿ ಬಿಸಿಲು ಬಲಿತಿತೆಂದರೆ ವಾಡೆಯಲ್ಲಿ ಹಪ್ಪಳದ ಕೆಲಸ. ಇವತ್ತು ಒಬ್ಬರ ಮನೆಯದು, ನಾಳೆ ಇನ್ನೊಬ್ಬರದು, ಎಲ್ಲರೂ ಕೂಡಿ ಮಾಡುವುದು. ಉದ್ದಿನ ಹಿಟ್ಟನ್ನು ಎಣ್ಣೆ ಸವರಿ ಕುಟ್ಟಿ, ಉಂಡೆ ಮಾಡಿ, ಒಬ್ಬೊಬ್ಬರ ಮಣೆಗೆ ಹಂಚುವವರು ಕಾಕು. ಹಂಚುತ್ತಲೇ ಕಥೆ ಶುರುವಾಗುತ್ತಿತ್ತು. ಕಥೆ ಪೇಶವೆಯರ ಕಾಲದ್ದು. ನಮ್ಮ ವಾಡೆಯದೇ. ಒಬ್ಬ ಸರದಾರ, ನೋಡಲು ಭಾಳ ಚೆಲುವ, ಆದರೆ ನಕ್ಕಿದ್ದನ್ನು ಯಾರೂ ಕಂಡಿಲ್ಲ. ಮೊದಲಿನ ಇಬ್ಬರು ಹೆಂಡಿರು ಎಲ್ಲಿ ಹೋದರೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅಂಥವನಿಗೆ ಕೃಷ್ಣೆಯ ಆಚೆಯಿಂದ ಕನ್ನಡದ ಹುಡುಗಿಯೊಬ್ಬಳನ್ನು ಮದುವೆ ಮಾಡಿ ತರುತ್ತಾರೆ. ಅವಳಿಗೆ ಇಲ್ಲಿಯ ಮಾತು ಬಾರದು. ಎಲ್ಲ ಕೋಣೆಗಳ ಕೀಲಿಕೈ ಅವಳ ಸೊಂಟಕ್ಕೆ ಸಿಕ್ಕಿಸುತ್ತಾರೆ, ಮಹಡಿಯ ಮೇಲಿನ ಒಂದು ಕೋಣೆಯದು ಬಿಟ್ಟು.

ಕಥೆ ಕನ್ನಡದಲ್ಲೇ ನಡೆಯುತ್ತಿತ್ತು. ಆದರೆ ಹೆದರಿಸುವ ಜಾಗ ಬಂದಾಗ ಕಾಕು ಅದನ್ನು ಮರಾಠಿಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ಮರಾಠಿ ಹೆಂಗಸರೂ ಹಿಟ್ಟು ಹಚ್ಚಿಕೊಂಡು ಕೂತಿರುತ್ತಾರೆ, ಅವರಿಗೆ ಮಾತ್ರ ಹೆದರಿಕೆ ತಪ್ಪಿದರೆ ಅದು ಅನ್ಯಾಯ ಎನ್ನುತ್ತಿದ್ದರು. ಹೆದರಿ ಯಾರಾದರೂ ಕೈ ನಿಲ್ಲಿಸಿದರೆ ಕಥೆಯೂ ನಿಲ್ಲುತ್ತಿತ್ತು. 'ಲಟ್ಟಣಗಿ ನಿಂತರ ಸರದಾರನೂ ನಿಲ್ತಾನವಾ,' ಎನ್ನುವರು. ಕೂಡಲೇ ಎಲ್ಲ ಲಟ್ಟಣಿಗೆಗಳೂ ಗಡಗಡ ಉರುಳುತ್ತಿದ್ದವು. ಲಟ್ಟಿಸಿದ ಹಪ್ಪಳವನ್ನು ಎತ್ತಿ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅದರೊಳಗಿನಿಂದ ನಮ್ಮನ್ನು ನೋಡುವುದು ಅವರ ರೂಢಿ. ಮುಖ ಕಂಡರೆ ಹಪ್ಪಳ ಪಾಸು. ಕಾಣದಿದ್ದರೆ ಮತ್ತೆ ಉಂಡೆ. ಹಿಟ್ಟು ಮುಗಿದ ಜಾಗಕ್ಕೆ ಕಥೆ ಮುಗಿಯುತ್ತಿತ್ತು, ಹುಡುಗಿ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದರೂ ಸರಿಯೇ. ಎಷ್ಟು ಬೇಡಿಕೊಂಡರೂ ಮುಂದೆ ಒಂದು ಮಾತು ಇಲ್ಲ. ಅದಕ್ಕೇ ನಮ್ಮ ವೈನಿ ಒಮ್ಮೆ ಗುಟ್ಟಾಗಿ ಎರಡು ಸೇರು ಉದ್ದು ಹೆಚ್ಚಿಗೆ ಬೀಸಿಸಿದ್ದರು. ಆ ವರ್ಷ ದೀಪಾವಳಿ ಕಳೆದರೂ ನಾವು ಹಪ್ಪಳವನ್ನೇ ತಿಂದೆವು.

ಎರಡು ಬೇಸಿಗೆ ಹೀಗೆ ನಡೆಯಿತು. ಸರದಾರ ಕೊಲೆಗಾರನೋ ಅಲ್ಲವೋ, ಕಾಕು ಬಾಯಿ ಬಿಡಲಿಲ್ಲ. ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ಹೆಂಗಸು ಈ ಒಂದನ್ನು ಮಾತ್ರ ಹೇಗೆ ಇಟ್ಟುಕೊಂಡಿದ್ದರೋ.

ಮೂರನೆಯ ಬೇಸಿಗೆಗೆ ಮುಂಚೆ ನಮ್ಮ ತಲೆಯ ಮೇಲಿನ ಖೋಲಿಗೆ ಬಾಡಿಗೆಗೆ ಒಬ್ಬ ಬಂದ. ಬಾಗಲಕೋಟೆ ಕಡೆಯವನು, ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಒಬ್ಬಂಟಿ. ತಾನಾಯಿತು, ತನ್ನ ಕೆಲಸವಾಯಿತು. ನಳದ ಹತ್ತಿರ ಬಂದರೆ ತನ್ನ ಕೊಡ ತುಂಬುವ ಮೊದಲು ಹಿಂದೆ ನಿಂತವರ ಕೊಡ ತುಂಬಿಕೊಡುವನು, ಆದರೆ ಮುಖವೆತ್ತಿ ನೋಡುತ್ತಿರಲಿಲ್ಲ. ಎಡಗೈ ಬೆರಳುಗಳಿಗೆ ಯಾವಾಗಲೂ ಅರಿವೆ ಸುತ್ತಿರುತ್ತಿದ್ದ. ಪಿಂಪ್ರಿಯವರಿಗೆ ಗುರುವಾರ ರಜೆ. ಆ ಗುರುವಾರ ಮಾತ್ರ ಅವನ ಕಿಟಕಿ ಬಾಗಿಲು ಎಲ್ಲ ಬಂದ್.

ನಾನೇನು ಸಾಚಾ ಅಲ್ಲ, ಹೇಳಿಬಿಡುತ್ತೇನೆ. ಅವನನ್ನು ಕಂಡರೆ ನನಗೆ ಏನೋ ಒಂಥರಾ ಆಗುತ್ತಿತ್ತು. ಅವನ ಹೆಜ್ಜೆ ಮೆಟ್ಟಿಲ ಮೇಲೆ ಬಿದ್ದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಅವನ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕು, ಯಾರ ಹತ್ತಿರ? ಕಾಕು ಇದ್ದರಲ್ಲ. ಎರಡು ತಿಂಗಳಿಗೊಮ್ಮೆ ಬಾಗಲಕೋಟೆಯ ಬಸ್ಸಿನಲ್ಲಿ ಅವನಿಗೊಂದು ಕಬ್ಬಿಣದ ಟ್ರಂಕು ಬರುತ್ತದೆ, ದೊಡ್ಡ ಕೀಲಿ ಹಾಕಿದ್ದು, ಎಂದು ನಾನೇ ಹೇಳಿದೆ. ಗುರುವಾರ ಕಚೇರಿಗೆ ರಜೆ ಹಾಕಿ ಮಲಗಿದ್ದಾಗ ಮೇಲಿನಿಂದ ಏನೋ ಪರ್ ಪರ್ ಎಂದು ಹರಿಯುವ ಸಪ್ಪಳ ಕೇಳಿತು ಎಂದೂ ನಾನೇ ಹೇಳಿದೆ. ಕಾಕು ಹುಬ್ಬು ಏರಿಸಿ, ಹೌದ? ಎಂದರು. ಅವರ ಆ ಹೌದ ಬಹಳ ಅಪಾಯದ್ದು ಎಂದು ನನಗೆ ತಿಳಿಯಬೇಕಿತ್ತು.

ಆ ಬೇಸಿಗೆ ಸರದಾರನ ಎಡಗೈಗೆ ಕರಿ ರೇಶಿಮೆ ಬಟ್ಟೆ ಬಂತು. ಮಹಡಿಯ ಕೋಣೆಯಲ್ಲಿ ಒಂದು ಪೆಟ್ಟಿಗೆ ಬಂತು. ಮಧ್ಯಾಹ್ನ ಮನೆಯವರೆಲ್ಲ ಮಲಗಿದ ಮೇಲೆ ಏನೋ ಹರಿಯುವ ಸಪ್ಪಳ ಬಂತು. ಪೆಟ್ಟಿಗೆಯಲ್ಲಿ ಏನಿದೆ ಎಂದು ಹುಡುಗಿಗೆ ಕನ್ನಡ ಬಲ್ಲ ಒಬ್ಬ ಮುದಿ ದಾಸಿ ಕಿವಿಯಲ್ಲಿ ಹೇಳುತ್ತಾಳೆ: ಹೋದ ಹೆಂಡಿರ ಸೀರೆಗಳು. ನಮ್ಮ ಲಟ್ಟಣಿಗೆಗಳೆಲ್ಲ ಒಮ್ಮೆಲೇ ನಿಂತವು. ಆ ದಿನ ಕಾಕು ಕೂಡ ಯಾರನ್ನೂ ಗದರಿಸಲಿಲ್ಲ, ಅಷ್ಟು ಖುಷಿಯಾಗಿದ್ದರು.

ಮರುದಿನ ಗುರುವಾರ. ಒಣಗಲು ಹಾಕಿದ ಹಪ್ಪಳ ತಿರುವಿ ಹಾಕಲು ವೈನಿ ಗಚ್ಚಿಗೆ ಹೋದರು. ಗಚ್ಚಿಗೆ ಹೋಗುವ ದಾರಿ ಅವನ ಕಿಟಕಿಯ ಮುಂದೆಯೇ. ಗಾಳಿಗೆ ಕಿಟಕಿಯ ಕದ ತೆರೆದುಕೊಂಡಿತು. ಒಳಗೆ ನೆಲದ ಮೇಲೆ ರಾಶಿ ಸೀರೆ. ಇಳಕಲ್ಲಿನವು, ಪತ್ತಲಗಳು, ಒಂದೊಂದು ಒಬ್ಬೊಬ್ಬ ಹೆಂಗಸಿನದು. ನಡುವೆ ಅವನು ಕತ್ತರಿ ಹಿಡಿದು ಕೂತಿದ್ದಾನೆ. ವೈನಿ ಹಪ್ಪಳ ಅಲ್ಲೇ ಬಿಟ್ಟು ಕೆಳಗೆ ಬಂದು ಬಿದ್ದರು. ಬಾಯಿಂದ ಮಾತು ಹೊರಡಲು ಎರಡು ಲೋಟ ನೀರು ಬೇಕಾಯಿತು.

ಕಾಕುವಿನ ಮುಖ ಸುಣ್ಣವಾಯಿತು. ಅವರು ಸೀರೆಯ ಮಾತನ್ನು ಕಟ್ಟಿ ಹೇಳಿದ್ದರಷ್ಟೇ. ಅದನ್ನು ಆಣೆ ಮಾಡಿ ಹೇಳಿದರು. ಪೇಶವೆಯರ ಕಾಲದಲ್ಲಿ ಈ ವಾಡೆಯಲ್ಲಿ ಯಾವ ಸರದಾರನೂ ಇರಲಿಲ್ಲ, ನನ್ನ ತಲೆಯಿಂದಲೇ ಹುಟ್ಟಿಸಿದ್ದು, ಎಂದು ಕೈಮುಗಿದರು. ಯಾರು ನಂಬುತ್ತಾರೆ? ನೋಡುವುದಕ್ಕೆ ಮುಂಚೆಯೇ ಪೆಟ್ಟಿಗೆಯಲ್ಲಿ ಸೀರೆ ಇದೆ ಎಂದವರು ಇವರು. ಇವರಿಗೆ ಎಲ್ಲ ಮೊದಲೇ ಗೊತ್ತಿತ್ತು, ಕಥೆಯ ನೆಪ ಮಾಡಿ ನಮಗೆ ಎಚ್ಚರಿಕೆ ಕೊಟ್ಟರು, ಈಗ ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೆ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅದೂ ಎಂಥ ಕಾಲ! ಆಗಷ್ಟೇ ಪುಣೆಯಲ್ಲಿ ಮನೆ ಹೊಕ್ಕು ಕೊಲೆ ಮಾಡಿದ ಸುದ್ದಿಗಳು ಬಂದು ಇಡೀ ಊರು ಸಂಜೆಗೇ ಕದ ಹಾಕಿಕೊಳ್ಳುತ್ತಿತ್ತು. ನಳದ ಹತ್ತಿರ ಅವನು ಬಂದರೆ ಹೆಂಗಸರು ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋಗತೊಡಗಿದರು. ನಾಲ್ಕೇ ದಿನದಲ್ಲಿ ಸುದ್ದಿ ಮಾಲಕರಿಗೆ ಮುಟ್ಟಿತು. ಅವರು ಕೆಟ್ಟವರಲ್ಲ. ಹೆಣ್ಣುಮಕ್ಕಳು ಹೆದರಿದ್ದಾರೆ, ತಿಂಗಳ ಕೊನೆಗೆ ಖೋಲಿ ಬಿಡು ಎಂದು ಮೆಲ್ಲಗೇ ಹೇಳಿದರು. ಅವನು ಯಾಕೆ ಎಂದು ಕೇಳಲಿಲ್ಲ, ಆಯಿತು ಎಂದ. ಅಪರಾಧಿಯೇ ಇರಬೇಕು ಎಂದು ಎಲ್ಲರೂ ಖಾತ್ರಿ ಮಾಡಿಕೊಂಡರು.

ನಾನು ಆ ವಾರ ಸರಿಯಾಗಿ ಉಣ್ಣಲಿಲ್ಲ. ಒಂದು ಹೊತ್ತು, ಛೆ, ಅವನು ಅಂಥವನಲ್ಲ ಅನ್ನಿಸುವುದು. ಇನ್ನೊಂದು ಹೊತ್ತು, ಅಷ್ಟು ಸೀರೆ ಯಾರವು ಅನ್ನಿಸುವುದು. ಅರ್ಧ ಪಾಪ ನನ್ನದು ಎಂಬುದು ಮಾತ್ರ ಎರಡೂ ಹೊತ್ತು ಇತ್ತು. ಕಾಕು ಕೂಡ ಹಿಟ್ಟು ಮುಟ್ಟಿರಲಿಲ್ಲ. ಮುಂದಿನ ಗುರುವಾರ ಬೆಳಿಗ್ಗೆ ಬಂದು ನನ್ನ ಕೈ ಹಿಡಿದರು.

'ಕಚೇರಿ ಇವತ್ತ ಬಿಡು. ನನ್ನ ನಾಲಿಗಿ ಒಬ್ಬನ ಮನಿ ಬಿಡಿಸೇದ. ಮ್ಯಾಲ ಹೋಗಿ ಖರೇ ಏನಂತ ನೋಡೂಣು ನಡೀ.'

ಮಂಡಿನೋವಿನಿಂದ ಹತ್ತು ವರ್ಷ ಆ ಮೆಟ್ಟಿಲು ಹತ್ತದವರು ಕಾಕು. ಒಂದೊಂದು ಮೆಟ್ಟಿಲಿಗೆ ಕೂತು ಎದ್ದು ಹತ್ತಿದರು. ನಾನು ಹಿಂದೆ. ಕದ ಬಡಿಯುವಾಗ ನೋಡಿದೆ, ಸೆರಗಿನೊಳಗೆ ಲಟ್ಟಣಿಗೆ ಹಿಡಿದಿದ್ದರು. ಧೈರ್ಯಕ್ಕೆ ಇರಲಿ ಎಂದು ಕಣ್ಣಲ್ಲೇ ಹೇಳಿದರು.

ಅವನು ಕದ ಒಂದಿಷ್ಟೇ ತೆರೆದ. ಕಾಕು ಸುತ್ತಿ ಬಳಸಿ ಮಾತಾಡಲಿಲ್ಲ. 'ತಮ್ಮಾ, ನಿನ್ನ ಮ್ಯಾಲ ಇಲ್ಲದ್ದು ಹುಟ್ಟಿಸಿದಾಕಿ ನಾನ. ಒಳಗ ಕರಕೋ. ಇಲ್ಲಾಂದ್ರ ನಾ ಇಲ್ಲೇ ಕೂಡ್ತೀನಿ,' ಎಂದರು. ಕೂತೂ ಬಿಟ್ಟರು. ಅವನಿಗೆ ಕದ ತೆರೆಯದೆ ಗತಿ ಇರಲಿಲ್ಲ.

ಒಳಗೆ ನೆಲದ ತುಂಬ ಹೊದೆಯುವ ಕೌದಿಯೊಂದು ಹಾಸಿತ್ತು. ಅರ್ಧ ಹೊಲಿದದ್ದು. ಕೆಂಪು, ಹಸಿರು, ಕುಸುಬಿ ಬಣ್ಣದ ತುಂಡುಗಳನ್ನು ಸೇರಿಸಿ ಇರುವೆ ಸಾಲಿನಂಥ ಸಣ್ಣ ಹೊಲಿಗೆ. ಅವನ ಎಡಗೈ ಬೆರಳಿನ ಅರಿವೆ ಬಿಚ್ಚಿತ್ತು, ತುದಿಯೆಲ್ಲ ಸೂಜಿ ಚುಚ್ಚಿ ಚುಚ್ಚಿ ಒಡೆದಿತ್ತು. ಮೂಲೆಯಲ್ಲಿ ಆ ಟ್ರಂಕು, ಅದರ ತುಂಬ ಹಳೆಯ ಸೀರೆ.

ನಿಧಾನಕ್ಕೆ ಹೇಳಿದ. ಅವನ ಅವ್ವನ ಕೌದಿ ಎಂದರೆ ಸುತ್ತ ಹತ್ತು ಹಳ್ಳಿಗೆ ಹೆಸರು. ಮಗಳು ಬಸುರಿಯಾದರೆ, ಮದುವೆಯಾದರೆ ಮನೆಯವರು ತಮ್ಮ ಹಳೆ ಸೀರೆಗಳನ್ನು ತಂದು ಅವ್ವನ ಮುಂದೆ ಇಡುತ್ತಾರೆ. ಎರಡು ವರ್ಷದ ಹಿಂದೆ ಅವಳ ಕಣ್ಣು ಹೋಯಿತು. ಹೊಲಿಯುವಷ್ಟು ಕಾಣುವುದಿಲ್ಲ ಎಂದು ಊರಿಗೆ ಗೊತ್ತಿಲ್ಲ. ಸೀರೆ ತೆಗೆದುಕೊಳ್ಳುತ್ತಾಳೆ, ಮುಟ್ಟಿ ನೋಡಿ ಯಾವುದರ ಪಕ್ಕ ಯಾವುದು ಎಂದು ಗಂಟು ಹಾಕಿ ಗುರುತು ಮಾಡಿ ಟ್ರಂಕಿನಲ್ಲಿ ಕಳಿಸುತ್ತಾಳೆ. ಇವನು ಗುರುವಾರಗಳಲ್ಲಿ ಹೊಲಿದು ವಾಪಸು ಕಳಿಸುತ್ತಾನೆ. ಸಣ್ಣವನಿದ್ದಾಗಿಂದ ಅವಳ ಪಕ್ಕ ಕೂತು ಕಲಿತ ಕೈ.

'ಅವ್ವಗ ಉಳಿದದ್ದು ಅದೊಂದ ಮರ್ಯಾದಿ ಅದರಿ. ನಮ್ಮ ಕಡಿ ಮಂದಿ ಇಲ್ಲಿ ಭಾಳ ಅದಾರ, ಪುಣೇದಾಗ ಕೆಮ್ಮಿದರ ಊರಾಗ ಕೇಳಸ್ತದ. ಖೋಲಿ ಬ್ಯಾರೇ ಸಿಗ್ತದ. ನೀವು ಮಾತ್ರ ಯಾರಿಗೂ ಹೇಳಬ್ಯಾಡ್ರಿ,' ಎಂದ.

ಅವನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಬಂತು, ಮುಚ್ಚಿಡುವುದೇನು. ಅವನ ಮೇಲೆ ಆ ಹೊತ್ತಿಗೆ ನನಗೆ ಬಂದ ಪ್ರೀತಿ ಇವತ್ತಿಗೂ ಹಾಗೇ ಇದೆ. ಕಾಕು ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟು ಕೌದಿಯ ಅಂಚು ಎತ್ತಿ ನೋಡಿದರು, ಹಪ್ಪಳ ನೋಡುವಂತೆಯೇ, ಒಂದು ಕಣ್ಣು ಮುಚ್ಚಿ. ಆಮೇಲೆ ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸುತ್ತ ಕೂತರು. ನನಗೆ ಅವರದೇ ಚಿಂತೆ. ನಿಜ ಹೇಳಿದರೆ ಇವನು ಉಳಿಯುತ್ತಾನೆ, ಅವ್ವನ ಹೆಸರು ಕೆಡುತ್ತದೆ. ಹೇಳದಿದ್ದರೆ ಇವನು ಬೀದಿಗೆ. ಅದೂ ಗುಟ್ಟು ಯಾರ ಕೈಗೆ ಸಿಕ್ಕಿದೆ ನೋಡಿ.

'ನಿನಗ ಮಂದಿ ಮುಂದ ಕೂತು ಹೊಲೀಲಿಕ್ಕೆ ಆಗ್ತದೇನು?' ಎಂದು ಕೊನೆಗೆ ಕೇಳಿದರು. ಗಂಡಸು, ಹೆಂಗಸರ ಮುಂದೆ ಸೂಜಿ ಹಿಡಿಯುವುದು? ಅವನು ತಲೆ ತಗ್ಗಿಸಿದ. 'ಹಂಗಾದ್ರ ನಾಚಿಕಿ ನೀ ನುಂಗು, ಸುಳ್ಳು ನಾ ನುಂಗ್ತೀನಿ,' ಎಂದರು ಕಾಕು. ಅವನು ಹೂಂ ಎಂದ.

ಮುಂದಿನ ಗುರುವಾರ ಚೌಕದಲ್ಲಿ ಹಪ್ಪಳದ ಮಣೆಗಳು ಸಾಲಾಗಿದ್ದವು. ಕಾಕು ಕರೆದರೆ ಇಲ್ಲ ಎನ್ನುವವರಿರಲಿಲ್ಲ. ಎಲ್ಲರೂ ಕೂತ ಮೇಲೆ ಅವನು ಮೆಟ್ಟಿಲಿಳಿದು ಬಂದ. ಕಂಕುಳಲ್ಲಿ ಕಾಕುವಿನದೇ ಮೂರು ಹಳೆಯ ಸೀರೆ, ಕೈಯಲ್ಲಿ ಸೂಜಿ ದಾರ. ಕಿವಿ ಕೆಂಪಗಾಗಿತ್ತು. ನಳದ ಪಕ್ಕ ಚಾಪೆಯ ಮೇಲೆ ಕೂತು ಹೊಲಿಯತೊಡಗಿದ. ಒಂದು ಲಟ್ಟಣಿಗೆಯೂ ಅಲ್ಲಾಡಲಿಲ್ಲ.

ಕಾಕು ಉಂಡೆ ಹಂಚುತ್ತ ಹೇಳಿದರು. ನೀವು ನೋಡಿದ ಸೀರೆಯೆಲ್ಲ ನನ್ನವು, ನನ್ನ ಅತ್ತೆಯವು, ನಾದಿನಿಯವು. ನಾನೇ ಕೌದಿ ಹೊಲಿಯಲು ಕೊಟ್ಟಿದ್ದೆ, ಈ ಹುಡುಗನ ಕೈ ಚಲೋ ಇದೆ ಎಂದು ತಿಳಿದು. ಗಂಡಸು, ನಾಚಿಕೊಂಡ, ಯಾರಿಗೂ ಹೇಳಬೇಡಿ ಎಂದ. ನಾನು ಮಾತು ಕೊಟ್ಟು, ಕಥೆಯಲ್ಲಿ ತುರುಕಿ, ಮಾತು ತಪ್ಪಿದೆ. ಪೆಟ್ಟಿಗೆಯಲ್ಲಿ ಸೀರೆ ಇದೆ ಎಂದು ನನಗೆ ಮೊದಲೇ ಹೇಗೆ ಗೊತ್ತಾಯಿತು ಅಂದಿರಲ್ಲ, ಹೀಗೆ. ಇದನ್ನು ಎಲ್ಲರೂ ನಂಬಿದರು. ಕಾಕು ಮಾತು ತಪ್ಪಿದರು ಎಂದರೆ ನಂಬದಿರುವುದು ಹೇಗೆ?

ಆದರೂ ವೈನಿ ಕೇಳಿಯೇಬಿಟ್ಟರು: 'ಹಂಗಾದ್ರ ಸರದಾರ? ಆ ಇಬ್ಬರು ಹೆಂಡರು?'

ಆಗ ಕಾಕು ಕಥೆ ಮುಗಿಸಿದರು. ಹಿಟ್ಟು ಇನ್ನೂ ಅರ್ಧ ಇತ್ತು. ಹುಡುಗಿ ಕದ ತೆರೆದು ನೋಡುತ್ತಾಳೆ, ಒಳಗೆ ಏನೂ ಇಲ್ಲ. ಹೆಂಡಿರಿಬ್ಬರೂ ಜ್ವರ ಬಂದು ಸತ್ತವರು. ಅವರ ಸೀರೆ ನೋಡಿ ಸರದಾರ ಅಳುತ್ತಿದ್ದ, ಅಷ್ಟೇ. ಕೈಗೆ ಬಟ್ಟೆ ಕಟ್ಟಿದ್ದು ಗಾಯಕ್ಕೆ. ಮುಂದೆ ಇಬ್ಬರೂ ಸುಖವಾಗಿದ್ದರು.

ಚೌಕ ತಣ್ಣಗಾಯಿತು. ಮೂರು ಬೇಸಿಗೆ ಕಾದದ್ದು ಇದಕ್ಕೇ? ಒಬ್ಬರಂತೂ, ಕೊಲಿ ಇಲ್ಲೇ ಇಲ್ಲೇನ್ರಿ? ಎಂದು ಅಳುವ ದನಿಯಲ್ಲಿ ಕೇಳಿದರು. ಇಲ್ಲವಾ, ಎಂದು ಕಾಕು ಹಪ್ಪಳ ಲಟ್ಟಿಸಿದರು. ಮರಾಠಿಯಲ್ಲಿ ಇನ್ನೊಮ್ಮೆ ಹೇಳುವ ಗೋಜಿಗೂ ಹೋಗಲಿಲ್ಲ. ಇಷ್ಟು ಸಪ್ಪೆ ಕಥೆಯ ಸರದಾರನಿಗೆ ಯಾರು ಹೆದರುತ್ತಾರೆ? ಸ್ವಲ್ಪ ಹೊತ್ತಿಗೆ ಹೆಂಗಸರ ಕಣ್ಣು ಹೊಲಿಗೆಯ ಕಡೆ ಹೋಯಿತು. ಸಾಲು ಎಷ್ಟು ನೆಟ್ಟಗಿದೆ ನೋಡು ಎಂದರು ಯಾರೋ. ಮಾಲಕರ ಹೆಂಡತಿ ಚಾಪೆಯ ಹತ್ತಿರ ಸರಿದು, ತಮ್ಮ ಹತ್ತಿರವೂ ನಾಲ್ಕು ನೂಲಿನ ಸೀರೆ ಇವೆ, ಮೊಮ್ಮಗನಿಗೆ ಒಂದು ಗೋಧಡಿ, ಅಂದರೆ ಕೌದಿ, ಆಗುತ್ತದೆಯೇ ಎಂದು ಕೇಳಿದರು. ಖೋಲಿ ಬಿಡುವ ಮಾತು ಅಂದಿಗೆ ನಿಂತಿತು.

ಕಾಕುವಿನ ಕೌದಿ ಮುಗಿಯುವ ದಿನ ಅವನು ಅವರ ಹತ್ತಿರ ಒಂದು ಚೂರು ರೊಟ್ಟಿ ಕೇಳಿದ. ಕೊನೆಯ ಮೂಲೆಯಲ್ಲಿ ಒಂದಿಷ್ಟು ಉಣಿಸು ಇಟ್ಟು ಹೊಲಿಯಬೇಕು, ಕೌದಿ ಹಸಿದಿರಬಾರದು ಎಂದು ಅವನ ಅವ್ವ ಹೇಳುವುದುಂಟಂತೆ. ಮನೆಯಲ್ಲಿ ರೊಟ್ಟಿ ಇರಲಿಲ್ಲ. ಕಾಕು ಹಪ್ಪಳದ ಚೂರು ಕೊಟ್ಟರು. ಮೂಲೆಯನ್ನು ನನ್ನ ಕೈಯಿಂದ ಹೊಲಿಸಿದರು. ನನ್ನ ಹೊಲಿಗೆ ಸೊಟ್ಟಗಿತ್ತು, ಅವನು ಬಿಚ್ಚಲಿಲ್ಲ.

ನಮ್ಮಿಬ್ಬರ ಮದುವೆಗೆ ಅಣ್ಣ ಒಪ್ಪಲು ಎರಡು ವರ್ಷ ಹಿಡಿಯಿತು. ಜಾತಿ ಬೇರೆ, ಮಶೀನಿನ ಕೆಲಸ, ಇತ್ಯಾದಿ. ಸೂಜಿ ಹಿಡಿಯುವ ಗಂಡಸು ಹೆಂಡತಿ ಮೇಲೆ ಕೈ ಎತ್ತುವುದಿಲ್ಲ ಎಂದು ಕಾಕು ಅಣ್ಣನ ಬೆನ್ನು ಬಿಡದೆ ವಾದ ಮಾಡಿದರು. ಅವರ ಮಾತು ಸುಳ್ಳಾಗಲಿಲ್ಲ. ಮದುವೆಗೆ ಬಂದ ನಮ್ಮ ಅತ್ತೆ ಕಾಕುವಿನ ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿ, ಎಲ್ಲ ಮಗಂದು, ಈ ಮೂಲಿ ಮಾತ್ರ ಸೊಸೀದು ಎಂದು ನಕ್ಕಿದ್ದರು. ಆ ಅತ್ತೆ ಎರಡು ವರ್ಷದ ಹಿಂದೆ, ತಮ್ಮ ಹೆಸರಿಗೆ ಒಂದು ಕುಂದೂ ಇಲ್ಲದೆ ತೀರಿಕೊಂಡರು. ಅದಕ್ಕೇ ಈಗ ಇದನ್ನು ಬರೆಯಲು ಅಡ್ಡಿಯಿಲ್ಲ. ಇಷ್ಟು ವರ್ಷ ಕಾಕು ಈ ಗುಟ್ಟನ್ನು ಯಾರಿಗೂ, ತಮ್ಮ ಮಗಳಿಗೂ, ಹೇಳಿರಲಿಲ್ಲ. ಆ ಬೇಸಿಗೆಯ ನಂತರ ಸರದಾರನ ಕಥೆಯನ್ನೂ ಹೇಳಲಿಲ್ಲ. ಬೇರೆ ಕಥೆ ಹೇಳಿದರು, ಆದರೆ ಅವಕ್ಕೆ ಯಾರೂ ಹೆಚ್ಚು ಉದ್ದು ಬೀಸಿಸಲಿಲ್ಲ.

ತೀರಿಕೊಳ್ಳುವುದಕ್ಕೆ ಒಂದು ವಾರ ಮುಂಚೆ ನಾವಿಬ್ಬರೂ ನೋಡಲು ಹೋಗಿದ್ದೆವು. ಅದೇ ಕೌದಿ ಹೊದ್ದು ಮಲಗಿದ್ದರು. ನನ್ನ ಗಂಡ ಔಷಧ ತರಲು ಹೊರಗೆ ಹೋದರು. ಅವರ ಚಪ್ಪಲಿ ಸಪ್ಪಳ ದೂರವಾಗುವವರೆಗೆ ಕಾಕು ಕಾದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಒಂದು ಕಣ್ಣು ಮುಚ್ಚಿ ನೋಡಿದರು.

'ಸರದಾರ ಕೊಂದಿದ್ದ,' ಎಂದರು. 'ಇಬ್ಬರನ್ನೂ. ನನ್ನ ಕಥ್ಯಾಗ ಮೊದಲಿಂದ ಅಂವ ಕೊಲೆಗಡಕನ. ಹುಡುಗಿ ಅವನ್ನ ಹ್ಯಾಂಗ ಹಿಡೀತಾಳ ಅನ್ನೂದು ಎಷ್ಟ ಛಂದ ಕಟ್ಟಿದ್ದೆ ಗೊತ್ತದೇನು? ನಿನ್ನ ಗಂಡನ್ನ ಬಿಡಿಸಬೇಕಾತು, ಅವನ್ನೂ ಬಿಟ್ಟುಬಿಟ್ಟೆ.'

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಹ್ಯಾಂಗ ಹಿಡೀತಾಳ, ಈಗರೆ ಹೇಳ್ರಿ ಕಾಕೂ, ಎಂದು ಗೋಗರೆದೆ. ಅವರು ಕೌದಿಯ ಆ ಸೊಟ್ಟ ಮೂಲೆಯನ್ನು ಗಲ್ಲದವರೆಗೆ ಎಳೆದುಕೊಂಡು, ಅಡುಗೆಮನೆಯಲ್ಲಿ ಉದ್ದಿನ ಹಿಟ್ಟು ಇದೆಯೇನು ನೋಡು ಎಂದರು.